ತಾವರಗೇರಾದಲ್ಲೊಂದು ಪುಟ್ಟ ಕಡಲು

ಕಡಲಿಲ್ಲದ ನಮ್ಮ ತಾವರಗೇರಾದಲ್ಲಿ ಕಡಲ ಮೀನು ಸಾಕಬಹುದೇ? ತಾಳ್ಮೆಯಿದ್ದರೆ ಖಂಡಿತ ಸಾಧ್ಯ.

100 ಲೀಟರಿನ ಗಾಜಿನ ತೊಟ್ಟಿ ಸಾಕು. ಅಡುಗೆ ಉಪ್ಪು ನಡೆಯದು. ಕಡಲ ನೀರಿನಲ್ಲಿ ಮೆಗ್ನೀಷಿಯಂ, ಕ್ಯಾಲ್ಸಿಯಂ ಲವಣಗಳೂ ಇವೆ. ಅಕ್ವೇರಿಯಂ ಅಂಗಡಿಯ ಸಮುದ್ರ ಉಪ್ಪನ್ನು ಲೀಟರಿಗೆ ಸುಮಾರು 35 ಗ್ರಾಂನಂತೆ ಫಿಲ್ಟರ್ ನೀರಿಗೆ ಬೆರೆಸಿ. ಬೋರ್‌ವೆಲ್ ನೀರು ಬೇಡ.

ನಾನು ಮೊದಲ ಸಲ ಮರುದಿನವೇ ಮೀನು ಬಿಟ್ಟೆ. ವಾರದೊಳಗೆ ಎಲ್ಲವೂ ಸತ್ತವು. ಮೀನಿನ ತ್ಯಾಜ್ಯದಿಂದ ವಿಷಕಾರಿ ಅಮೋನಿಯಾ ಹುಟ್ಟುತ್ತದೆ. ಅದನ್ನು ನೈಟ್ರೈಟ್, ನಂತರ ನೈಟ್ರೇಟ್ ಆಗಿಸುವ ಬ್ಯಾಕ್ಟೀರಿಯಾ ಬೆಳೆಯಲು 4ರಿಂದ 6 ವಾರ ಬೇಕು. ಅಲ್ಲಿಯವರೆಗೆ ಚಿಟಿಕೆ ಮೀನಿನ ಆಹಾರ ಹಾಕುತ್ತ, ಫಿಲ್ಟರ್ ಓಡಿಸುತ್ತ ಕಾಯಿರಿ. ಬಳಿಕ ಸಾಕಣೆಯಲ್ಲೇ ಹುಟ್ಟಿದ ಎರಡು ಕ್ಲೌನ್ ಮೀನು ಬಿಡಿ.

ನೀರು 28 ಡಿಗ್ರಿ ದಾಟಬಾರದು. ನಮ್ಮ ಬೇಸಿಗೆಗೆ ಚಿಲ್ಲರ್ ಬೇಕೇ ಬೇಕು. ನೆನಪಿಡಿ, ಆವಿಯಾಗುವುದು ನೀರು ಮಾತ್ರ, ಉಪ್ಪಲ್ಲ. ಕಡಿಮೆಯಾದಷ್ಟು ಸಿಹಿನೀರನ್ನೇ ತುಂಬಿರಿ.