ಪ್ರವಾಸ ಕಥನದ ಎರಡನೆಯ ಯಾತ್ರೆ

ಪ್ರವಾಸ ಸಾಹಿತ್ಯದ ಮಾತು ಬಂದಾಗ ನಮ್ಮ ಗಮನವೆಲ್ಲ ಸಾಮಾನ್ಯವಾಗಿ ಪ್ರವಾಸಿಯ ಕಡೆಗೇ ಹರಿಯುತ್ತದೆ. ಅವನು ಎಲ್ಲಿಂದ ಹೊರಟ, ಯಾವ ಸಮುದ್ರವನ್ನು ದಾಟಿದ, ಯಾವ ಅರಸನ ಓಲಗವನ್ನು ಕಂಡ, ಎಲ್ಲಿ ಉಂಡ, ಎಲ್ಲಿ ತಂಗಿದ ಎಂದು ಕುತೂಹಲದಿಂದ ಕೇಳುತ್ತೇವೆ. ಅವನು ಕಂಡದ್ದು ನಮ್ಮ ಕೈಗೆ ಹೇಗೆ ಬಂದು ಸೇರಿತು ಎಂದು ಕೇಳುವವರು ವಿರಳ. ವಾಸ್ತವವಾಗಿ, ಪ್ರತಿಯೊಂದು ಪ್ರವಾಸ ಕಥನದ ಹಿಂದೆಯೂ ಎರಡು ಯಾತ್ರೆಗಳಿರುತ್ತವೆ. ಮೊದಲನೆಯದು ಪ್ರವಾಸಿ ಕೈಗೊಂಡದ್ದು. ಎರಡನೆಯದು ಆ ಕಥನವೇ ಕೈಗೊಂಡದ್ದು: ಬಾಯಿಂದ ಲೇಖನಿಗೆ, ಹಸ್ತಪ್ರತಿಯಿಂದ ಅಚ್ಚಿಗೆ, ಒಂದು ಭಾಷೆಯಿಂದ ಇನ್ನೊಂದಕ್ಕೆ, ಒಬ್ಬ ಓದುಗನಿಂದ ಮತ್ತೊಬ್ಬ ಓದುಗನಿಗೆ. ಈ ಎರಡನೆಯ ಯಾತ್ರೆಯನ್ನು ನಡೆಸಿದವರು ಬಹುಮಟ್ಟಿಗೆ ಊರು ಬಿಟ್ಟು ಕದಲದಿದ್ದವರು. ಅವರ ಉಪಕಾರವನ್ನು ನೆನೆಯುವುದು, ಆ ಕಾರ್ಯದಲ್ಲಿ ಸಾಮಾನ್ಯ ಓದುಗರಾದ ನಮ್ಮ ಪಾಲೇನು ಎಂದು ವಿಚಾರಿಸುವುದು ಈ ಮಾತುಗಳ ಉದ್ದೇಶ.

ಮೊದಲು ಕೇಳುಗರನ್ನು ನೆನೆಯೋಣ. ೧೪೨೦ರ ಸುಮಾರಿಗೆ ವಿಜಯನಗರವನ್ನು ಕಂಡ ವೆನಿಸ್ಸಿನ ವರ್ತಕ ನಿಕೊಲೊ ಕೊಂಟಿ ತನ್ನ ಪ್ರವಾಸವನ್ನು ತಾನೇ ಬರೆದಿಡಲಿಲ್ಲ. ಅನೇಕ ವರ್ಷಗಳ ತರುವಾಯ ಇಟಲಿಗೆ ಮರಳಿದ ಅವನ ಕಥೆಯನ್ನು ಕೇಳಿ ಲ್ಯಾಟಿನ್ ಭಾಷೆಯಲ್ಲಿ ಬರೆದವನು ಪೋಪರ ಕಾರ್ಯದರ್ಶಿಯಾಗಿದ್ದ ಪೊಜ್ಜಿಯೊ. ಹಳೆಯ ಹಸ್ತಪ್ರತಿಗಳನ್ನು ಹುಡುಕಿ ತೆಗೆಯುವುದರಲ್ಲಿ ಹೆಸರಾಗಿದ್ದ ಆ ವಿದ್ವಾಂಸ, ಜೀವಂತ ಮನುಷ್ಯನೊಬ್ಬನ ನೆನಪನ್ನೂ ಒಂದು ಹಸ್ತಪ್ರತಿಯಂತೆಯೇ ಜೋಪಾನ ಮಾಡಿದ. ಮೊರಾಕ್ಕೋ ದೇಶದ ಇಬ್ನ್ ಬತೂತನ ಸಂಗತಿಯೂ ಹೀಗೆಯೇ. ೧೩೨೫ರಲ್ಲಿ ಟ್ಯಾಂಜಿಯರಿನಿಂದ ಹೊರಟು, ಹಲವು ದಶಕಗಳ ಕಾಲ ಲೋಕ ಸುತ್ತಿ ಬಂದ ಆತ ಸುಲ್ತಾನನ ಆಜ್ಞೆಯ ಮೇರೆಗೆ ಫೆಜ್ ನಗರದಲ್ಲಿ ತನ್ನ ಕಥೆಯನ್ನು ಹೇಳಿದ. ಇಬ್ನ್ ಜುಜೈ ಎಂಬ ವಿದ್ವಾಂಸ ಅದನ್ನು ಬರೆದುಕೊಂಡು ೧೩೫೫ರಲ್ಲಿ ಗ್ರಂಥವಾಗಿಸಿದ. ಕೇಳುವ ಕಿವಿಯೊಂದು ಇರದಿದ್ದರೆ ಈ ಎರಡು ಯಾತ್ರೆಗಳೂ ಯಾತ್ರಿಕರೊಡನೆಯೇ ಮಣ್ಣಾಗುತ್ತಿದ್ದವು.

ಹಾಗಾಗಿದ್ದರೆ ನಮಗೆ ಆಗುತ್ತಿದ್ದ ನಷ್ಟವೇನು? ಒಂದೇ ಒಂದು ವಿವರವನ್ನು ನೋಡಿ. ಇಬ್ನ್ ಬತೂತ ೧೩೪೦ರ ದಶಕದಲ್ಲಿ ನಮ್ಮ ಹೊನ್ನಾವರಕ್ಕೆ ಬಂದಿದ್ದ. ಆ ರೇವುಪಟ್ಟಣದಲ್ಲಿ ಹೆಣ್ಣುಮಕ್ಕಳಿಗಾಗಿ ೧೩ ಶಾಲೆಗಳೂ ಗಂಡುಮಕ್ಕಳಿಗಾಗಿ ೨೩ ಶಾಲೆಗಳೂ ಇದ್ದುವೆಂದು, ಅಂಥದನ್ನು ತಾನು ಬೇರೆಲ್ಲಿಯೂ ಕಾಣಲಿಲ್ಲವೆಂದು ಆತ ಹೇಳುತ್ತಾನೆ. ಸುಮಾರು ಆರೂಮುಕ್ಕಾಲು ಶತಮಾನಗಳ ಹಿಂದೆ ಶರಾವತಿಯ ಮುಖದಲ್ಲಿದ್ದ ಒಂದು ಊರಿನಲ್ಲಿ ಹುಡುಗಿಯರು ಪಾಠಕ್ಕೆ ಹೋಗುತ್ತಿದ್ದರೆಂಬುದನ್ನು ನಾವು ತಿಳಿಯುವುದು ಆಫ್ರಿಕಾ ಖಂಡದ ಒಬ್ಬ ಅಲೆಮಾರಿಯ ನೆನಪಿನಿಂದ! ಈ ಸಂಗತಿಯೂ ನೇರವಾಗಿ ನಮ್ಮನ್ನು ತಲಪಲಿಲ್ಲ. ಅರಬ್ಬಿ ಗ್ರಂಥದ ಪೂರ್ಣ ಪ್ರತಿಗಳು ಅಲ್ಜೀರಿಯದಲ್ಲಿ ದೊರೆತು, ಪ್ಯಾರಿಸ್ಸನ್ನು ಸೇರಿ, ಫ್ರೆಂಚ್ ಅನುವಾದದೊಡನೆ ೧೮೫೩ರಿಂದ ೧೮೫೮ರ ಅವಧಿಯಲ್ಲಿ ನಾಲ್ಕು ಸಂಪುಟಗಳಾಗಿ ಅಚ್ಚಾದ ಮೇಲೆ ಅದು ಹೊರಲೋಕದ ಓದುಗರಿಗೆ ತೆರೆದುಕೊಂಡಿತು. ಹೊನ್ನಾವರದ ಸುದ್ದಿ ಹೊನ್ನಾವರಕ್ಕೆ ಮರಳಲು ಇಷ್ಟು ದೂರ ಸುತ್ತಬೇಕಾಯಿತು.

ಕೇಳುಗರ ತರುವಾಯ ಗೆಳೆಯರನ್ನು ನೆನೆಯಬೇಕು. ನೆರೆಯ ತೆಲುಗಿನಲ್ಲಿ ಏನುಗುಲ ವೀರಾಸ್ವಾಮಿಯವರ ಕಾಶೀಯಾತ್ರೆಯ ಚರಿತ್ರೆ ಒಂದು ಮಹತ್ತ್ವದ ಕೃತಿ. ಮದರಾಸಿನ ಸುಪ್ರೀಂ ಕೋರ್ಟಿನಲ್ಲಿ ದುಭಾಷಿಯಾಗಿದ್ದ ಅವರು ೧೮೩೦ರಲ್ಲಿ ಪರಿವಾರ ಸಮೇತ ಕಾಶಿಗೆ ಹೊರಟು ಮರುವರ್ಷ ಹಿಂತಿರುಗಿದರು. ರೈಲು ಇಲ್ಲದ ಆ ಕಾಲದ ದಾರಿ, ತಂಗುದಾಣ, ನದಿ, ಧಾರಣೆ, ಜನರ ನಡೆನುಡಿ ಎಲ್ಲವನ್ನೂ ಅವರು ಗುರುತು ಮಾಡಿಕೊಂಡರು. ಅದನ್ನು ಊರಿನಲ್ಲಿದ್ದ ಸ್ನೇಹಿತ ಶ್ರೀನಿವಾಸ ಪಿಳ್ಳೆಯವರಿಗೆ ತಿಳಿಸುತ್ತಿದ್ದರು. ವೀರಾಸ್ವಾಮಿ ತೀರಿಕೊಂಡ ಬಳಿಕ, ೧೮೩೮ರಲ್ಲಿ, ಅದನ್ನು ಅಚ್ಚು ಹಾಕಿಸಿದವರು ಆ ಸ್ನೇಹಿತರೇ. ಮರಾಠಿಯಲ್ಲಿ ವಿಷ್ಣುಭಟ್ಟ ಗೋಡ್ಸೆಯವರ ‘ಮಾಝಾ ಪ್ರವಾಸ’ ಇದೆ. ಯಜ್ಞವೊಂದರ ದಕ್ಷಿಣೆಯ ಆಸೆಯಿಂದ ೧೮೫೭ರಲ್ಲಿ ಉತ್ತರಕ್ಕೆ ಹೊರಟ ಈ ಬಡ ವೈದಿಕರು ದಂಗೆಯ ನಡುವೆ ಸಿಲುಕಿ, ಝಾನ್ಸಿಯ ಮುತ್ತಿಗೆಯನ್ನು ಕಣ್ಣಾರೆ ಕಂಡು ಬದುಕಿ ಬಂದರು. ವಿದ್ವಾಂಸರಾದ ಚಿಂತಾಮಣಿರಾವ್ ವೈದ್ಯರು ಒತ್ತಾಯ ಮಾಡಿ ಬರೆಸಿದ ಆ ಕಥನವು ಬೆಳಕು ಕಂಡದ್ದು ೧೯೦೭ರಲ್ಲಿ. ಆ ವೇಳೆಗೆ ಬರೆದವರು ಇರಲಿಲ್ಲ. ಇಂಥ ಗೆಳೆತನ ದೊರೆಯದ ಎಷ್ಟು ದಿನಚರಿಗಳು ಗೆದ್ದಲಿಗೆ ಆಹಾರವಾದವೋ ಯಾರು ಬಲ್ಲರು?

ಮೂರನೆಯವರು ಸಂಗ್ರಾಹಕರು. ಇಂಗ್ಲೆಂಡಿನ ರಿಚರ್ಡ್ ಹ್ಯಾಕ್ಲೂಟ್ ಒಬ್ಬ ಪಾದ್ರಿ. ಅವನು ಮಾಡಿದ ದೂರದ ಪ್ರಯಾಣವೆಂದರೆ ಪ್ಯಾರಿಸ್ಸಿನವರೆಗೆ ಮಾತ್ರ. ಆದರೆ ನಾವಿಕರ, ವರ್ತಕರ ಕಾಗದಗಳನ್ನೂ ದಿನಚರಿಗಳನ್ನೂ ಹುಡುಕಿ, ಬದುಕಿದ್ದವರನ್ನು ಕಂಡು ಮಾತನಾಡಿಸಿ, ೧೫೮೯ರಲ್ಲಿ ಅವನು ಹೊರತಂದ ಮಹಾಸಂಕಲನ ಪ್ರವಾಸ ವೃತ್ತಾಂತಗಳ ದೊಡ್ಡ ಭಂಡಾರವಾಯಿತು. ಇಂಗ್ಲಿಷರ ವಸಾಹತಿನ ಹಂಬಲಕ್ಕೆ ಆ ಗ್ರಂಥ ನೀರೆರೆಯಿತೆಂಬುದನ್ನೂ ನಾವು ಮರೆಯಲಾಗದು. ಪ್ರವಾಸ ಕಥನ ಎಲ್ಲ ಕಾಲದಲ್ಲೂ ನಿರಪಾಯವಾದ ಸಾಹಿತ್ಯವೇನೂ ಅಲ್ಲ. ಅವನ ಹೆಸರಿನಲ್ಲಿ ೧೮೪೬ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಸಂಘದ ವ್ಯವಸ್ಥೆ ಗಮನಾರ್ಹವಾದುದು. ಸದಸ್ಯರು ವರ್ಷಕ್ಕೊಮ್ಮೆ ಚಂದಾ ಕೊಡುತ್ತಾರೆ. ಆ ಹಣದಿಂದ ಅಚ್ಚಾಗದ ಅಥವಾ ಅಲಭ್ಯವಾದ ಪ್ರವಾಸ ವೃತ್ತಾಂತಗಳನ್ನು ಸಂಪಾದಿಸಿ, ಅನುವಾದಿಸಿ, ಟಿಪ್ಪಣಿಗಳೊಡನೆ ಪ್ರಕಟಿಸಿ ಸದಸ್ಯರಿಗೆ ಹಂಚಲಾಗುತ್ತದೆ. ಹೀಗೆ ಮುನ್ನೂರಕ್ಕೂ ಹೆಚ್ಚು ಸಂಪುಟಗಳು ಬಂದಿವೆ. ಅರಸನ ಆಜ್ಞೆಯಿಂದ ಆಗುತ್ತಿದ್ದ ಕೆಲಸ ಓದುಗರ ಚಂದಾದಿಂದಲೂ ಆಗಬಲ್ಲುದೆಂಬುದಕ್ಕೆ ಇದು ನಿದರ್ಶನ.

ಇನ್ನು ನಮ್ಮ ಹಂಪೆಯ ವಿಷಯಕ್ಕೆ ಬರೋಣ. ಕೃಷ್ಣದೇವರಾಯನ ಕಾಲದ ವಿಜಯನಗರವನ್ನು ಇಂದು ಶಾಲೆಯ ಮಗುವೂ ವರ್ಣಿಸಬಲ್ಲದು: ಬೀದಿಯ ಇಕ್ಕೆಲಗಳ ಅಂಗಡಿಗಳು, ಮಹಾನವಮಿಯ ಉತ್ಸವ, ಅರಸನ ಅಂಗಸಾಧನೆ. ಈ ಚಿತ್ರಕ್ಕೆ ಮುಖ್ಯ ಆಧಾರಗಳಲ್ಲೊಂದು ೧೫೨೦ರ ಸುಮಾರಿಗೆ ಅಲ್ಲಿಗೆ ಬಂದಿದ್ದ ಪೋರ್ಚುಗೀಸ ಡೊಮಿಂಗೊ ಪಾಯಸನ ವೃತ್ತಾಂತ. ಅವನ ಹಿಂದೆ, ಅಚ್ಯುತರಾಯನ ಕಾಲದಲ್ಲಿ, ಕುದುರೆ ವ್ಯಾಪಾರಿಯಾದ ನೂನಿಜ್ ಬರೆದ. ಈ ಬರಹಗಳು ಪ್ರತಿಯಾಗಿ ಯೂರೋಪನ್ನು ಸೇರಿದವು. ಆಮೇಲೆ ಪ್ಯಾರಿಸ್ಸಿನ ಗ್ರಂಥಾಲಯವೊಂದರಲ್ಲಿ ನಿದ್ರಿಸಿದವು. ಡೇವಿಡ್ ಲೋಪೆಸ್ ಎಂಬ ಪೋರ್ಚುಗೀಸ್ ವಿದ್ವಾಂಸ ೧೮೯೭ರಲ್ಲಿ ಅವನ್ನು ಮೂಲ ಭಾಷೆಯಲ್ಲಿ ಅಚ್ಚು ಹಾಕಿಸಿದ. ಮೂರೇ ವರ್ಷಗಳಲ್ಲಿ, ೧೯೦೦ರಲ್ಲಿ, ಮದರಾಸು ಪ್ರಾಂತ್ಯದ ಅಧಿಕಾರಿಯಾಗಿದ್ದ ರಾಬರ್ಟ್ ಸೆವೆಲ್ ಅವನ್ನು ಇಂಗ್ಲಿಷಿಗೆ ತಂದು, ಮರೆತುಹೋದ ಸಾಮ್ರಾಜ್ಯವೆಂದು ತಾನು ಕರೆದ ವಿಜಯನಗರದ ಚರಿತ್ರೆಯಲ್ಲಿ ಸೇರಿಸಿದ. ಎಂದರೆ, ಪಾಯಸ್ ಕಂಡದ್ದನ್ನು ಲೋಕ ಓದುವ ಹೊತ್ತಿಗೆ ಮುನ್ನೂರ ಎಪ್ಪತ್ತಕ್ಕೂ ಹೆಚ್ಚು ವರ್ಷಗಳು ಸಂದಿದ್ದವು. ಕಲ್ಲುಗಳು ಹಂಪೆಯಲ್ಲೇ ಇದ್ದವು. ಆ ಕಲ್ಲುಗಳ ನಡುವೆ ನಡೆದ ಬದುಕಿನ ಎಷ್ಟೋ ವಿವರಗಳು ಪ್ಯಾರಿಸ್ಸಿನಲ್ಲಿದ್ದವು.

ಕನ್ನಡ ಓದುಗರ ಪಾಲಿಗೆ ಹ್ಯಾಕ್ಲೂಟನ ಕೆಲಸವನ್ನು ಮಾಡಿದವರು ಎಚ್.ಎಲ್. ನಾಗೇಗೌಡರು. ಜಾನಪದ ಲೋಕವನ್ನು ಕಟ್ಟಿದವರೆಂದು ಅವರನ್ನು ನಾಡು ಸ್ಮರಿಸುತ್ತದೆ. ಆದರೆ ವಿದೇಶೀ ಪ್ರವಾಸಿಗರ ವೃತ್ತಾಂತಗಳನ್ನು ಒಟ್ಟುಗೂಡಿಸಿ, ‘ಪ್ರವಾಸಿ ಕಂಡ ಇಂಡಿಯಾ’ ಎಂಬ ಹೆಸರಿನಲ್ಲಿ ಅನೇಕ ಸಂಪುಟಗಳಾಗಿ ಕನ್ನಡಕ್ಕೆ ತಂದವರೂ ಅವರೇ ಎಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ. ಸರ್ಕಾರಿ ಹುದ್ದೆಯ ಹೊಣೆಯನ್ನು ಹೊತ್ತುಕೊಂಡೇ ಒಬ್ಬ ವ್ಯಕ್ತಿ ಮಾಡಿದ ಈ ಕೆಲಸ ಒಂದು ಸಂಸ್ಥೆ ಮಾಡಬಹುದಾದ ಕೆಲಸ. ಹಳ್ಳಿಯ ಹಾಡನ್ನು ಕೇಳಿ ಬರೆದುಕೊಂಡವರೇ ಹೊರನಾಡಿನ ಪ್ರವಾಸಿಯ ಮಾತನ್ನೂ ಕೇಳಿ ಹಂಚಿದರೆಂಬುದು ನನಗೆ ಆಕಸ್ಮಿಕವಾಗಿ ತೋರುವುದಿಲ್ಲ. ಎರಡಕ್ಕೂ ಬೇಕಾದದ್ದು ಮತ್ತೊಬ್ಬರ ದನಿಗೆ ಮನಸ್ಸು ತೆರೆಯುವ ಅದೇ ಗುಣ.

ಕನ್ನಡಿಗರು ತಾವೇ ಬರೆದ ಪ್ರವಾಸ ಸಾಹಿತ್ಯವೂ ಕಡಿಮೆಯದಲ್ಲ. ವಿ. ಸೀತಾರಾಮಯ್ಯನವರು ‘ಪಂಪಾಯಾತ್ರೆ’ಯಲ್ಲಿ ಕಂಡದ್ದು ಪಾಯಸನ ನಗರದ ಪಾಳನ್ನು. ಒಬ್ಬನು ಜನಜಂಗುಳಿಯಲ್ಲಿ ನಿಂತು ಬರೆದ. ಇನ್ನೊಬ್ಬರು ನೀರವದಲ್ಲಿ ನಿಂತು ಬರೆದರು. ಈ ಎರಡನ್ನೂ ಒಂದರ ಪಕ್ಕದಲ್ಲಿ ಒಂದಿಟ್ಟು ಓದಿದವನಿಗೆ ಹಂಪೆ ಬೇರೆಯೇ ಆಗಿ ಕಾಣುತ್ತದೆ. ಶಿವರಾಮ ಕಾರಂತರ ‘ಅಪೂರ್ವ ಪಶ್ಚಿಮ’, ಜಿ.ಎಸ್. ಶಿವರುದ್ರಪ್ಪನವರ ‘ಮಾಸ್ಕೋದಲ್ಲಿ ಇಪ್ಪತ್ತೆರಡು ದಿನ’, ೧೯೮೦ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆದ ಗೊರೂರರ ‘ಅಮೆರಿಕದಲ್ಲಿ ಗೊರೂರು’, ಕೃಷ್ಣಾನಂದ ಕಾಮತರ ‘ಬಸ್ತರ ಪ್ರವಾಸ’, ನೇಮಿಚಂದ್ರರ ‘ಪೆರುವಿನ ಪವಿತ್ರ ಕಣಿವೆಯಲ್ಲಿ’ ಹೀಗೆ ಹೆಸರಿಸುತ್ತ ಹೋಗಬಹುದು. ಇವರಲ್ಲಿ ಒಬ್ಬೊಬ್ಬರ ಕಣ್ಣೂ ಬೇರೆ. ಗೊರೂರರ ಪುಸ್ತಕದ ಹೆಸರೇ ಸೂಚಿಸುವಂತೆ, ಹೇಮಾವತಿಯ ದಡದ ಹಳ್ಳಿಯೊಂದು ಅಮೆರಿಕವನ್ನು ನೋಡಿ ಬಂತು. ಸ್ವಂತ ಊರನ್ನು ಬಿಟ್ಟುಕೊಡದೆ ಪರವೂರನ್ನು ನೋಡುವ ಬಗೆಯದು.

ಇವೆಲ್ಲ ಪುಸ್ತಕರೂಪದಲ್ಲಿ ಉಳಿದವು. ಉಳಿಯದೆ ಹೋದವುಗಳ ಚಿಂತೆ ಬೇರೆ. ನಮ್ಮ ವಾರಪತ್ರಿಕೆ, ಮಾಸಪತ್ರಿಕೆ, ದೀಪಾವಳಿ ವಿಶೇಷಾಂಕಗಳಲ್ಲಿ ಕಂತುಕಂತಾಗಿ ಬಂದು, ಪುಸ್ತಕವಾಗದೆ ನಿಂತುಹೋದ ಪ್ರವಾಸ ಲೇಖನಗಳಿವೆ. ಆ ಸಂಚಿಕೆಗಳು ತೂಕದ ಲೆಕ್ಕದಲ್ಲಿ ರದ್ದಿ ಅಂಗಡಿಯನ್ನು ಸೇರುತ್ತವೆ. ಮನೆಯ ಹಿರಿಯರು ಕಾಶಿಗೋ ರಾಮೇಶ್ವರಕ್ಕೋ ಹೋಗಿ ಬಂದು ಬರೆದಿಟ್ಟ ಖರ್ಚಿನ ಪುಸ್ತಕ ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿರುತ್ತದೆ. ಯಾವ ಛತ್ರದಲ್ಲಿ ತಂಗಿದರು, ಅಕ್ಕಿಗೆ ಏನು ಕೊಟ್ಟರು, ಯಾವ ಹೊಳೆಯನ್ನು ದೋಣಿಯಲ್ಲಿ ದಾಟಿದರು ಎಂಬ ಅದರ ಒಣ ಲೆಕ್ಕವೂ ಒಂದು ಕಾಲಕ್ಕೆ ಚರಿತ್ರೆಯೇ. ಇವನ್ನು ಹುಡುಕಲು ದೊಡ್ಡ ಪಾಂಡಿತ್ಯ ಬೇಡ. ಊರಿನ ಗ್ರಂಥಾಲಯದಲ್ಲಿ ಸಾಹಿತ್ಯದ ಕಪಾಟಿನೊಡನೆ ಭೂಗೋಳ, ಚರಿತ್ರೆ, ಆತ್ಮಕಥೆಗಳ ಕಪಾಟುಗಳನ್ನೂ ನೋಡುವ ತಾಳ್ಮೆ ಇದ್ದರೆ ಸಾಕು. ಪ್ರವಾಸ ಕಥನ ಹಲವು ವೇಷಗಳಲ್ಲಿ ಅಡಗಿ ಕುಳಿತಿರುತ್ತದೆ.

ದೊರೆತದ್ದನ್ನು ಹಂಚುವುದು ಹೇಗೆ? ‘ಚೆನ್ನಾಗಿದೆ, ಓದಿ’ ಎಂದರೆ ಹಂಚಿದಂತಾಗಲಿಲ್ಲ. ಪುಸ್ತಕ ಯಾವ ಊರಿನದು, ಯಾವ ವರ್ಷದ್ದು, ಬರೆದವರು ಯಾರು, ಅವರು ಅಲ್ಲಿ ಎಷ್ಟು ದಿನ ಇದ್ದರು, ಕಂಡು ಬರೆದರೋ ಕೇಳಿ ಬರೆದರೋ ಎಂಬುದನ್ನು ಅರ್ಧ ಪುಟದಲ್ಲಿ ಬರೆದು ಕೊಟ್ಟರೆ ಮುಂದಿನ ಓದುಗನಿಗೆ ಅದು ದಾರಿಯ ಬುತ್ತಿ. ನಾಲ್ಕಾರು ಸಮಾನಮನಸ್ಕರು ತಿಂಗಳಿಗೊಮ್ಮೆ ಸೇರಿ, ಒಂದೇ ಊರನ್ನು ಕುರಿತ ಎರಡು ಕಥನಗಳನ್ನು ಗಟ್ಟಿಯಾಗಿ ಓದಬಹುದು. ನಾನು ಪಾಠ ಹೇಳುತ್ತಿದ್ದ ದಿನಗಳಲ್ಲಿ ಕಂಡಂತೆ, ಒಂದೇ ಪ್ರವಾಸ ಕಥನವನ್ನು ಓದಿದ ವಿದ್ಯಾರ್ಥಿ ಅದನ್ನು ನಂಬುತ್ತಾನೆ. ಎರಡನ್ನು ಓದಿದವನು ಪ್ರಶ್ನೆ ಕೇಳತೊಡಗುತ್ತಾನೆ.

ಈ ಪ್ರಶ್ನೆಗೆ ಬೆಲೆ ಇದೆ. ಪ್ರವಾಸಿ ಕಂಡದ್ದೆಲ್ಲ ಸತ್ಯ, ಬರೆದದ್ದೆಲ್ಲ ಕಂಡದ್ದು ಎಂದು ತಿಳಿಯುವಂತಿಲ್ಲ. ಇಬ್ನ್ ಬತೂತನ ಗ್ರಂಥದಲ್ಲಿ ಡಮಾಸ್ಕಸ್ ನಗರದ ವರ್ಣನೆಯ ಬಹುಭಾಗ ಅವನಿಗಿಂತ ಹಿಂದಿನ ಇಬ್ನ್ ಜುಬೈರನೆಂಬ ಯಾತ್ರಿಕನಿಂದ ಎತ್ತಿಕೊಂಡದ್ದು. ಇದನ್ನು ಗುರುತಿಸಿದವರು ಎರಡು ಪುಸ್ತಕಗಳನ್ನೂ ಎದುರುಬದುರಾಗಿ ಇಟ್ಟುಕೊಂಡ ಓದುಗರು. ಇದಕ್ಕೆ ವಿರುದ್ಧವಾದ ಉದಾಹರಣೆಯೂ ಉಂಟು. ಚೀನಾದ ಹ್ಯೂಯೆನ್ ತ್ಸಾಂಗ್ ೬೪೫ರಲ್ಲಿ ಸ್ವದೇಶಕ್ಕೆ ಮರಳಿ, ಮರುವರ್ಷ ಸಿದ್ಧಪಡಿಸಿದ ಗ್ರಂಥದಲ್ಲಿ ನಮ್ಮ ಇಮ್ಮಡಿ ಪುಲಕೇಶಿಯ ಪರಾಕ್ರಮವೂ ಸೇರಿದೆ. ಅದು ೧೮೫೦ರ ದಶಕದಲ್ಲಿ ಫ್ರೆಂಚಿಗೆ ಬಂದಾಗ, ಕನಿಂಗ್‌ಹ್ಯಾಮ್ ಅದರಲ್ಲಿ ಹೇಳಿದ ದಿಕ್ಕನ್ನೂ ದೂರವನ್ನೂ ಹಿಡಿದು ಊರೂರು ತಿರುಗಿ, ೧೮೬೦ರ ದಶಕದ ಆರಂಭದಲ್ಲಿ ಬಿಹಾರದ ಮಣ್ಣುದಿಬ್ಬಗಳಲ್ಲಿ ನಾಲಂದವನ್ನು ಗುರುತಿಸಿದ. ಒಂದು ಕಡೆ ಓದುಗನ ಪರೀಕ್ಷೆ ಎರವಲನ್ನು ಬಯಲು ಮಾಡಿತು. ಇನ್ನೊಂದು ಕಡೆ ಅದೇ ಪರೀಕ್ಷೆ ಮುಚ್ಚಿಹೋಗಿದ್ದ ವಿದ್ಯಾಪೀಠವನ್ನೇ ಬಯಲಿಗೆ ತಂದಿತು.

ಇಂದು ಪ್ರವಾಸ ಹೋಗುವವರ ಸಂಖ್ಯೆ ಹೆಚ್ಚಿದೆ. ಕಿಸೆಯ ಮೊಬೈಲಿನಲ್ಲಿ ದಿನಕ್ಕೆ ನೂರು ಚಿತ್ರಗಳನ್ನು ತೆಗೆದು ಕ್ಷಣದಲ್ಲಿ ಬಂಧುಗಳಿಗೆ ಕಳಿಸುತ್ತೇವೆ. ಚಿತ್ರ ಗೋಪುರವನ್ನು ತೋರಿಸುತ್ತದೆ. ಗೋಪುರದ ನೆರಳಿನಲ್ಲಿ ಹೂ ಮಾರುತ್ತಿದ್ದ ಮುದುಕಿ ಏನೆಂದಳು, ಆ ವರ್ಷ ಕೆರೆಯಲ್ಲಿ ನೀರಿತ್ತೇ, ಊರಿನ ಹುಡುಗಿಯರು ಶಾಲೆಗೆ ಹೋಗುತ್ತಿದ್ದರೇ ಎಂಬುದನ್ನು ತಿಳಿಸಲು ಮಾತೇ ಬೇಕು. ಆದುದರಿಂದ ಹೋಗಿ ಬಂದವರನ್ನು ಕೂರಿಸಿ ಕೇಳಬೇಕು. ನಾಲ್ಕು ಪುಟ ಬರೆಯಿರೆಂದು ಪೀಡಿಸಬೇಕು. ಬರೆದದ್ದನ್ನು ಓದಿ, ತಿದ್ದಿ, ತಾರೀಖು ಹಾಕಿ, ಇನ್ನೊಬ್ಬರ ಕೈಗೆ ದಾಟಿಸಬೇಕು. ಬದರಿಗೋ ಬರ್ಲಿನ್ನಿಗೋ ಹೋಗುವ ಯೋಗ ಎಲ್ಲರಿಗೂ ಇರುವುದಿಲ್ಲ. ಕಥನದ ಎರಡನೆಯ ಯಾತ್ರೆಗೆ ಮಾತ್ರ ಟಿಕೆಟ್ಟೂ ಬೇಡ, ಹೋಲ್ಡಾಲೂ ಬೇಡ. ಮನೆಯ ಜಗಲಿಯಿಂದ ಪಕ್ಕದ ಮನೆಯ ಜಗಲಿಯವರೆಗೆ ಒಂದು ಪುಸ್ತಕವನ್ನು ಕೊಂಡೊಯ್ದರೂ ನಾವು ಆ ಯಾತ್ರೆಯಲ್ಲಿ ಒಂದು ಹೆಜ್ಜೆ ಇಟ್ಟಂತೆಯೇ.