ಸಮಾವೇಶದ ಸುದ್ದಿ ಹೊಗಳಿಕೆಯೇ ಏಕೆ?

ಪ್ರಶ್ನೆ: ಆಪಲ್, ಗೂಗಲ್‌ನಂಥ ಕಂಪನಿಗಳ ಡೆವಲಪರ್ ಸಮಾವೇಶದ ವರದಿಗಳು ಜಾಹೀರಾತಿನಂತೆ ಕಾಣುವುದೇಕೆ?

ಮದುವೆ ಊಟಕ್ಕೆ ಕೂತವರು ಸಾರಿಗೆ ಉಪ್ಪು ಕಡಿಮೆ ಎಂದು ಜೋರಾಗಿ ಹೇಳುವುದಿಲ್ಲ. ಮುಂದಿನ ಮದುವೆಗೂ ಕರೆ ಬರಬೇಕಲ್ಲ! ಇಲ್ಲೂ ಪತ್ರಕರ್ತರನ್ನು ಕರೆಯುವುದು ಕಂಪನಿಯೇ. ವೇದಿಕೆಯಲ್ಲಿ ತೋರಿಸಿದ್ದು ಎಷ್ಟೋ ಸಲ ಇನ್ನೂ ಯಾರ ಕೈಗೂ ಸಿಕ್ಕಿರುವುದಿಲ್ಲ, ವರದಿ ಮಾತ್ರ ಆ ಕ್ಷಣವೇ ಹೋಗಬೇಕು. ಆಗ ಕಂಪನಿಯ ಮಾತೇ ವರದಿಯ ಮಾತಾಗಿಬಿಡುತ್ತದೆ. 2024ರ ಜೂನ್‌ನಲ್ಲಿ ಆಪಲ್ ತೋರಿಸಿದ, ತನ್ನ ಧ್ವನಿ ಸಹಾಯಕಿ ‘ಸಿರಿ’ಯ ಹೊಸ ರೂಪದ ಸಂಭ್ರಮ ನೆನಪಿರಬಹುದು. ಅದು ತಡವಾಗುತ್ತದೆಂದು 2025ರ ಮಾರ್ಚ್‌ನಲ್ಲಿ ಕಂಪನಿಯೇ ಒಪ್ಪಿಕೊಂಡಿತು.

ಹಾಗೆಂದು ತಪ್ಪೆಲ್ಲ ವರದಿಗಾರರದೇ ಅಲ್ಲ. ವರದಿ ಯಾರ ಪರ ಕಾಣುತ್ತದೆ ಎಂಬುದರಲ್ಲಿ ಓದುವವರ ಒಲವೂ ಸೇರಿರುತ್ತದೆ. 1985ರಲ್ಲಿ ಪ್ರಕಟವಾದ ಸ್ಟ್ಯಾನ್‌ಫರ್ಡ್ ಅಧ್ಯಯನವೊಂದರಲ್ಲಿ ಇಸ್ರೇಲ್ ಪರ ಇದ್ದವರೂ ಅರಬ್ ಪರ ಇದ್ದವರೂ ಒಂದೇ ಟಿವಿ ಸುದ್ದಿ ನೋಡಿ, ಇದು ತಮಗೆ ವಿರುದ್ಧವಾಗಿದೆ ಎಂದಿದ್ದರು. ಅಂದ ಹಾಗೆ, ನಿಮ್ಮ ಕೈಯಲ್ಲಿರುವುದು ಯಾವ ಫೋನು?