ನಿಂಬೆಹಣ್ಣು ಹೇಳಿದ ನೀರಿನ ಲೆಕ್ಕ

ಕನ್ನಂಬಾಡಿ ಕಟ್ಟೆಯಿಂದ ವಿಶ್ವೇಶ್ವರಯ್ಯ ನಾಲೆಗೆ ಬಿಟ್ಟ ನೀರು ಮದ್ದೂರು ಕಡೆಯ ನಮ್ಮೂರಿಗೆ ಒಂದು ಸಣ್ಣ ಕಾಲುವೆಯಲ್ಲಿ ಬರುತ್ತದೆ. ಅದಕ್ಕೆ ತೂಬು ಇದೆ. ಕೆಳಗೆ ನೆಟ್ಟಿರುವ ಗುರುತಿನ ಕಲ್ಲು ನೋಡಿಕೊಂಡು ನೀರುಗಂಟಿ ಮಾವ ಹಲಗೆ ಎತ್ತುತ್ತಾರೆ, ಇಳಿಸುತ್ತಾರೆ.

ಈ ಸಲ ನಮ್ಮ ಕೊನೆ ಗದ್ದೆಗೆ ನೀರು ಸಾಲಲಿಲ್ಲ. ಅಪ್ಪ ಜಗಳಕ್ಕೆ ಹೋದರು. "ಬನ್ನಿ ಅಣ್ಣ, ನೋಡಿ, ನೀರು ಗುರುತಿಗೇ ಇದೆ" ಅಂದರು ಮಾವ. ಇತ್ತು ಕೂಡ.

ನಾನು ನಾಟಿ ಕಾಲದಿಂದ ಪ್ರತಿ ಭಾನುವಾರ ಕಲ್ಲಿನ ಹತ್ತಿರ ನೀರು ಅಳೆದು ಬರೆದಿಟ್ಟಿದ್ದೆ. ಅಳೆಯುವುದು ಹೀಗೆ. ಕಾಲುವೆ ನೇರವಾಗಿರುವ ಕಡೆ 10 ಮೀಟರ್ ದೂರಕ್ಕೆ ಎರಡು ಗೂಟ ನೆಡಬೇಕು. ನಿಂಬೆಹಣ್ಣು ಬಿಟ್ಟು ಎಷ್ಟು ಸೆಕೆಂಡಿಗೆ ದಾಟಿತು ಅಂತ ನೋಡಬೇಕು. (ಕಾಗದದ ದೋಣಿ ಬೇಡ, ಗಾಳಿಗೆ ಓಡಿಬಿಡುತ್ತೆ.) ಆಗ 20 ಸೆಕೆಂಡು ಬಂತು. ಅಂದರೆ ಸೆಕೆಂಡಿಗೆ ಅರ್ಧ ಮೀಟರ್. ತಳದಲ್ಲಿ, ಅಂಚಿನಲ್ಲಿ ನೀರು ನಿಧಾನ, ಆದ್ದರಿಂದ 0.85ರಿಂದ ಗುಣಿಸು ಅಂದರು ಮೇಷ್ಟ್ರು. ಅಗಲ 1 ಮೀಟರ್, ಆಳ 30 ಸೆಂಟಿಮೀಟರ್. 1 ಘನ ಮೀಟರ್ ಅಂದರೆ 1000 ಲೀಟರ್. ಎಲ್ಲಾ ಗುಣಿಸಿದರೆ ಸೆಕೆಂಡಿಗೆ ಸುಮಾರು 127 ಲೀಟರ್.

ಎರಡು ತಿಂಗಳಾದ ಮೇಲೆ ಆಳ ಅದೇ 30. ಆದರೆ ನಿಂಬೆಹಣ್ಣಿಗೆ 40 ಸೆಕೆಂಡು ಬೇಕಾಯಿತು! ನೀರು ಅರ್ಧಕ್ಕೆ ಇಳಿದಿತ್ತು.

ಕಾರಣ ಜೊಂಡು. ಗೂಟಗಳಿಂದ ಕೆಳಗಡೆ ಜೊಂಡು ದಟ್ಟವಾಗಿ ಬೆಳೆದು ನೀರನ್ನು ತಡೆದು ಮಟ್ಟ ಏರಿಸಿತ್ತು. ಮಾವ ಗುರುತು ನೋಡಿ ಹಲಗೆ ಇಳಿಸುತ್ತಾ ಬಂದಿದ್ದರು. ಅವರೂ ಸುಳ್ಳು ಹೇಳಿಲ್ಲ, ಅಪ್ಪನೂ ಹೇಳಿಲ್ಲ.

ನೋಟ್‌ಬುಕ್ ತೋರಿಸಿದೆ. ಮಾವ ನಂಬಲಿಲ್ಲ, ತಾವೇ ಹಣ್ಣು ಬಿಟ್ಟು ಎಣಿಸಿದರು. ಜೊಂಡು ಕಿತ್ತು ಹಲಗೆ ಎತ್ತಿದ ಮೇಲೆ 22 ಸೆಕೆಂಡು ಬಂತು. ಅಪ್ಪ, ಮಾವ ಇನ್ನೂ ಸರಿಯಾಗಿ ಮಾತಾಡುತ್ತಿಲ್ಲ. ಅಮ್ಮ ಮಾತ್ರ ನಿಂಬೆಹಣ್ಣಿನ ಲೆಕ್ಕ ಕೇಳುತ್ತಿದ್ದಾರೆ.